ಬಲೂನು ಹೊಡೆಯೋ ಕೋವಿ ನೋಡಿ ನಗಬೇಡಿ ಸ್ವಾಮಿ

ಗುರಿ ಹೊಡೆಯೋದು ಕಲಿಯೋಕೆ ಲಕ್ಷಗಟ್ಟಲೆ ರೂಪಾಯಿ ರೈಫಲ್ ಬೇಕು ಅನ್ನೋದು ವ್ಯಾಪಾರದ ಮಾತು. ಸಾದಾ ಸ್ಪ್ರಿಂಗ್ ಏರ್ ರೈಫಲ್, 10 ಮೀಟರ್ ಜಾಗ, ಹಿಂದೆ ಗಟ್ಟಿ ತಡೆ, ಪಕ್ಕದಲ್ಲಿ ಗೊತ್ತಿರೋರು ಒಬ್ಬರು. ಶುರು ಮಾಡೋಕೆ ಇಷ್ಟು ಸಾಕು.

ಕಾರ್ತಿಕದ ಕೊನೇ ಸೋಮವಾರದ ಪರಿಷೆಗೆ ಬಸವನಗುಡಿಯಲ್ಲಿ ಕಡಲೆಕಾಯಿ ಮೂಟೆ ಇಳಿಸಿ ಕೂರೋ ನಮ್ಮಂಥವರು ಇದನ್ನ ವರ್ಷವೂ ನೋಡ್ತೀವಿ. ಮಕ್ಕಳು ಬಲೂನು ಹೊಡೆಯೋ ಅಂಗಡಿ ಮುಂದೆ ನಿಲ್ತವೆ. ಅಪ್ಪಂದಿರು ಕೈ ಹಿಡಿದು ಎಳೀತಾರೆ: "ಇದೆಲ್ಲ ಆಟದ ಸಾಮಾನು, ಬಾ." ಅದೇ ಅಪ್ಪ ಆಮೇಲೆ ಮಗನಿಗೆ ದುಬಾರಿ ಕೋವಿ, ಅದರ ಮೇಲೊಂದು ದುರ್ಬೀನು ಕೊಡಿಸ್ತಾನೆ. ನನಗೂ ಒಂದು ಅಂಗಡಿಯವನು ಹೇಳಿದ್ದ, ಸ್ಕೋಪ್ ಇಲ್ಲದೆ ಗುರಿ ಎಲ್ಲಿ ಬರುತ್ತೆ ಯಜಮಾನ್ರೇ ಅಂತ.

ಕೇಳಿ. ಒಲಿಂಪಿಕ್ಸ್ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕ ಸ್ಕೋಪ್‌ಗೆ ಅವಕಾಶವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ, ಸಣ್ಣ ತೂತಿನ ಸೈಟಿನಲ್ಲಿ ಕಣ್ಣಿಟ್ಟು. ಆ ಗುರಿಹಾಳೆಯ ನಡುವಿನ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತ ಚಿಕ್ಕದು. 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು. ಅವರದ್ದು 50 ಮೀಟರ್, .22 ರೈಫಲ್. ಅವರ ಕೈಲಿದ್ದವು ದುಬಾರಿ ರೈಫಲ್‌ಗಳೇ, ಒಪ್ಪಿದೆ. ಆದರೆ ಆ ಮಟ್ಟಕ್ಕೆ ಹೋದವರಿಗೆ ಬೇಕಾದ್ದನ್ನ ಮೊದಲ ದಿನದ ಹುಡುಗನ ತಲೆಗೆ ಕಟ್ಟೋದು ಯಾವ ನ್ಯಾಯ? ಉಳುಮೆ ಕಲಿಯೋನಿಗೆ ಮೊದಲೇ ಕೊಯ್ಲಿನ ಯಂತ್ರ ಕೊಡಿಸ್ತೀರಾ?

ಸಾದಾ ಕೋವಿಯ ಗುಣವೇ ಬೇರೆ. ನಳಿಕೆ ಮಡಿಸಬೇಕು, ಒಂದೇ ಒಂದು ಪೆಲೆಟ್ ಇಡಬೇಕು, ಮುಚ್ಚಬೇಕು, ಉಸಿರು ಹಿಡಿಯಬೇಕು. ಕುದುರೆ ಎಳೆದಾಗ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ ತಳ್ಳುತ್ತೆ. ಪೆಲೆಟ್ ನಳಿಕೆ ಬಿಡೋ ಮೊದಲೇ ಕೋವಿ ಅಲುಗುತ್ತೆ. ಬಿಗಿಯಾಗಿ ಅಮುಕಿ ಹಿಡಿದವನ ಗುರಿ ತಪ್ಪುತ್ತೆ, ಪ್ರತಿ ಸಲವೂ ಒಂದೇ ಥರ ಹಗುರಾಗಿ ಹಿಡಿದವನದ್ದು ಕೂರುತ್ತೆ. ಕೈಯ ತಪ್ಪನ್ನ ಅದು ಮುಚ್ಚಿಡಲ್ಲ, ಹಾಳೆ ಮೇಲೆ ತೋರಿಸಿಬಿಡುತ್ತೆ. ಎನ್‌ಸಿಸಿಗೆ ಸೇರಿದ ಎಷ್ಟೋ ಕಾಲೇಜು ಮಕ್ಕಳು ಮೊದಲ ಗುಂಡು ಹೊಡೆದದ್ದೂ ಸಾದಾ .22ರಲ್ಲೇ. ಕೊಡಗಿನಲ್ಲಿ ಕೈಲ್ ಪೋಳ್ದ್ ಹೊತ್ತಿಗೆ ತೆಂಗಿನಕಾಯಿ ಕಟ್ಟಿ ಹೊಡೆಯೋ ಪಂದ್ಯಗಳಲ್ಲೂ .22ಕ್ಕೆ ಬೇರೆ ವಿಭಾಗ ಇಡ್ತಾರೆ. ಅಲ್ಲಿ ಜನ ನೋಡೋದು ಕಾಯಿ ಒಡೀತಾ ಅನ್ನೋದನ್ನ, ಕೋವಿಯ ಬೆಲೆ ಅಲ್ಲ.

ಹಾಗಂತ ಆಟಿಕೆ ಅನ್ಕೋಬೇಡಿ. 4.5 ಮಿಲಿಮೀಟರ್, 20 ಜೌಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ಆದರೆ ಕಣ್ಣು ತೆಗೆಯೋಕೆ ಅಷ್ಟು ಸಾಕು. .22ಕ್ಕೆ ಲೈಸೆನ್ಸ್ ಬೇಕೇ ಬೇಕು. ಅದರ ಗುಂಡು ಕಿಲೋಮೀಟರ್ ದಾಟಿ ಹೋಗಬಲ್ಲದು. ಇನ್ನು ಹೊಲಕ್ಕೆ ಬಂದ ನವಿಲಿನ ಮೇಲೆ ಏರ್ ಗನ್ ಪ್ರಯೋಗ ಮಾಡೋ ಪುಂಡರಿಗೆ: ಅದು ಗುರಿ ಹೊಡೆಯೋದಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನಿಮ್ಮಿಂದಲೇ ಕೋವಿ ಹಿಡಿದ ರೈತನಿಗೆಲ್ಲ ಕೆಟ್ಟ ಹೆಸರು.

ಪರಿಷೆಯ ಅಂಗಡಿಗಳಲ್ಲೂ ಸೈಟು ಸೊಟ್ಟ, ಹಿಂದೆ ಬರೀ ಬಟ್ಟೆ, ಕಣ್ಣಿಗೆ ಕನ್ನಡಕ ಇಲ್ಲ. ಅದನ್ನ ಮುಚ್ಚಿಸಿ ಅನ್ನೋರಿದ್ದಾರೆ. ನಾನು ಸರಿ ಮಾಡಿ ಅಂತೀನಿ. ಗಟ್ಟಿ ಹಿಂತಡೆ ಹಾಕಿಸಿ, ಕನ್ನಡಕ ಕಡ್ಡಾಯ ಮಾಡಿ, ಬಲೂನಿನ ಜೊತೆ ಒಂದು ಕಾಗದದ ಗುರಿಹಾಳೆಯನ್ನೂ ತೂಗುಹಾಕಿ. ತಾಲ್ಲೂಕಿಗೊಂದು ಸರ್ಕಾರಿ ಶಾಲೇಲಿ ನಾಲ್ಕು ಸಾದಾ ಏರ್ ರೈಫಲ್, ಒಬ್ಬ ತರಬೇತಿಯಾದ ಮೇಷ್ಟ್ರು ಇರಲಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋ ಕೈ ನಡುಗದೆ ನಿಲ್ಲುತ್ತಾ ಇಲ್ವಾ ಅಂತ ಆಗ ಗೊತ್ತಾಗುತ್ತೆ. ಈಗ ಆ ಕೈಗೆ ಕೋವಿ ಮುಟ್ಟೋ ಯೋಗವೇ ಇಲ್ಲ, ಫೀಸಿನ ಬಾಗಿಲಲ್ಲೇ ವಾಪಸ್.

ಒಪ್ಪದವರು ಕಾಮೆಂಟಲ್ಲಿ ಬನ್ನಿ, ಮಾತಾಡೋಣ. ಬೆಲೆಪಟ್ಟಿ ಮಾತ್ರ ತರಬೇಡಿ.