‘ಮಿತಿಯಿಲ್ಲ’ ಎಂಬ ಫಲಕದ ಸುಳ್ಳು

ದಕ್ಷಿಣ ಕೊರಿಯಾದ ನಗರಗಳಲ್ಲಿ ‘ಮುಹಾನ್ ರಿಪಿಲ್’ ಎಂಬ ಫಲಕ ತೂಗುಹಾಕಿದ ಹೋಟೆಲುಗಳು ಹೇರಳವಾಗಿವೆ. ‘ಮುಹಾನ್’ ಎಂದರೆ ಮಿತಿಯಿಲ್ಲದ್ದು; ‘ರಿಪಿಲ್’ ಎಂಬುದು ಇಂಗ್ಲಿಷಿನ ರೀಫಿಲ್. ತಲೆಗಿಷ್ಟೆಂದು ಒಮ್ಮೆ ಹಣ ಕೊಟ್ಟರಾಯಿತು. ಮೇಜಿನ ನಡುವೆ ಉರಿಯುವ ಒಲೆಯ ಮೇಲೆ ಹಂದಿಯ ಹೊಟ್ಟೆಭಾಗದ ಮಾಂಸವನ್ನು ತಾವೇ ಸುಟ್ಟು, ಕತ್ತರಿಯಿಂದ ತುಂಡರಿಸಿ, ಹಸಿ ಎಲೆಯಲ್ಲಿ ಬೆಳ್ಳುಳ್ಳಿಯೊಡನೆ ಸುತ್ತಿ, ಸಾಕೆನಿಸುವವರೆಗೆ ತಿನ್ನಬಹುದು. ‘ಸಮ್‌ಗ್ಯೊಪ್‌ಸಾಲ್’ ಎಂದು ಅದರ ಹೆಸರು. ಕೃಷಿ ಸಂಕಿರಣವೊಂದಕ್ಕೆ ಹೋಗಿದ್ದಾಗ ಅಂಥ ಮೇಜಿಗೆ ನಾನೂ ಕುಳಿತಿದ್ದೇನೆ. ರುಚಿಯ ಬಗೆಗೆ ನನ್ನ ತಕರಾರಿಲ್ಲ. ಒಂದೇ ಒಲೆಯ ಸುತ್ತ ಕುಳಿತು ಹಂಚಿಕೊಂಡು ತಿನ್ನುವ ಪದ್ಧತಿಯೂ ಸೊಗಸಾದದ್ದೇ. ತಕರಾರಿರುವುದು ಫಲಕದ ಮೊದಲ ಪದದ ಮೇಲೆ.

ಅಂಥ ಹೋಟೆಲುಗಳ ಗೋಡೆಯ ಮೇಲೆ ಸಾಮಾನ್ಯವಾಗಿ ಇನ್ನೊಂದು ಸೂಚನೆಯೂ ಇರುತ್ತದೆ. ತಟ್ಟೆಯಲ್ಲಿ ಉಳಿಸಿದವರು ‘ಪರಿಸರ ಹೊರೆಯ ಶುಲ್ಕ’ವೆಂದು ಕೆಲವು ಸಾವಿರ ವಾನ್ ತೆರಬೇಕು. ಹೆಸರು ಕೇಳಿ ಮರುಳಾಗಬೇಡಿ. ಇದು ಸರ್ಕಾರ ವಿಧಿಸಿದ ತೆರಿಗೆಯಲ್ಲ. ಹಣ ಸೇರುವುದು ಮಾಲೀಕನ ಗಲ್ಲಾಪೆಟ್ಟಿಗೆಗೆ. ದಂಡಕ್ಕೆ ಅಂಜಿ, ಹಸಿವು ತೀರಿದವನೂ ಕೊನೆಯ ತುಂಡನ್ನು ನುಂಗುತ್ತಾನೆ. ಕಸದ ಬುಟ್ಟಿ ಸೇರಬೇಕಿದ್ದುದು ಹೊಟ್ಟೆ ಸೇರಿದ ಮಾತ್ರಕ್ಕೆ ಪರಿಸರ ಉಳಿಯಿತೆ? ಹಂದಿ ತಿಂದ ಕಾಳು, ಕುಡಿದ ನೀರು, ಹೊರಹಾಕಿದ ಮಲ, ಇವೆಲ್ಲ ಆ ವೇಳೆಗೆ ಮುಗಿದುಹೋದ ವ್ಯವಹಾರ.

ಉಳಿಕೆ ಆಹಾರದ ವಿಷಯದಲ್ಲಿ ಕೊರಿಯಾ ಮಾಡಿರುವ ಕೆಲಸ ಸಣ್ಣದಲ್ಲವೆಂಬುದನ್ನು ಒಪ್ಪಲೇಬೇಕು. 2005ರಲ್ಲಿ ಅದನ್ನು ನೆಲದಲ್ಲಿ ಹೂಳುವುದನ್ನು ನಿಷೇಧಿಸಿದರು. 2013ರಿಂದ ಅದರ ರಸವನ್ನು ಸಮುದ್ರಕ್ಕೆ ಸುರಿಯುವುದನ್ನೂ ನಿಲ್ಲಿಸಿ, ಮನೆಮನೆಯ ಉಳಿಕೆಯನ್ನು ಅಳೆದು ಶುಲ್ಕ ವಸೂಲಿಗೆ ತೊಡಗಿದರು. ಆದರೆ ತಟ್ಟೆಯಿಂದ ಆಚೆಗೆ ಹೋಗುವುದನ್ನು ಇಷ್ಟು ನಿಷ್ಠುರವಾಗಿ ತೂಗುವ ದೇಶ, ತಟ್ಟೆಗೆ ಬರುವ ಮುಂಚಿನದನ್ನು ತೂಗುವುದಿಲ್ಲ. ಹಂದಿಯ ತೂಕ ಒಂದು ಕಿಲೋ ಏರಲು ಸುಮಾರು ಮೂರು ಕಿಲೋ ಮೇವು ಬೇಕು. ಪಶು ಆಹಾರವನ್ನೂ ಸೇರಿಸಿದರೆ ಕೊರಿಯಾ ತನಗೆ ಬೇಕಾದ ಧಾನ್ಯದಲ್ಲಿ ಐದನೆಯ ಒಂದು ಪಾಲನ್ನಷ್ಟೇ ಬೆಳೆದುಕೊಳ್ಳುತ್ತದೆ. ಉಳಿದದ್ದು ಬ್ರೆಜಿಲ್, ಅರ್ಜೆಂಟೀನ, ಅಮೆರಿಕಗಳಂಥ ದೇಶಗಳ ಜೋಳ, ಸೋಯಾ. ಧಾನ್ಯ ಬೆಳೆದ ನೆಲಕ್ಕೆ ಗೊಬ್ಬರ ಹಿಂದಿರುಗುವುದಿಲ್ಲ. ಅದು ಹಂದಿ ನಿಂತಲ್ಲೇ ರಾಶಿ ಬೀಳುತ್ತದೆ.

ರಾಶಿ ಬಿದ್ದದ್ದು ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಜೇಜು ದ್ವೀಪವನ್ನು ನೋಡಬೇಕು. ಜ್ವಾಲಾಮುಖಿಯಿಂದ ಹುಟ್ಟಿದ ಈ ದ್ವೀಪದಲ್ಲಿ ಮಳೆ ಧಾರಾಳ, ಆದರೆ ತೂತುಬಿದ್ದ ಕಲ್ಲುನೆಲದಲ್ಲಿ ವರ್ಷವಿಡೀ ಹರಿಯುವ ಹೊಳೆಗಳು ವಿರಳ. ಜನರ ಕುಡಿಯುವ ನೀರು ಬಹುಪಾಲು ಅಂತರ್ಜಲವೇ. ಮಳೆನೀರು ನೆಲದೊಳಗಿಳಿಯುವ ಬಾಯಿಗಳನ್ನು ಅವರು ‘ಸುಮ್‌ಗೋಲ್’ ಎನ್ನುತ್ತಾರೆ. 2017ರಲ್ಲಿ ಹಾಲ್ಲಿಮ್ ಪ್ರದೇಶದ ಕೆಲವು ಹಂದಿ ಸಾಕಣೆ ಕೇಂದ್ರಗಳು ಈ ಬಾಯಿಗಳಿಗೇ ಮಲಮೂತ್ರವನ್ನು ಸುರಿಯುತ್ತಿದ್ದುದು ಬಯಲಾಯಿತು. ಒರತೆಯ ನೀರನ್ನೇ ನಂಬಿದ ಘಟ್ಟದ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ದ್ವೀಪದಲ್ಲಿ ಹಿಂದೆ ಹಂದಿಗಳಿರಲಿಲ್ಲವೆ? ಇದ್ದವು. ಮನೆಯ ಕಕ್ಕಸಿಗೆ ಹೊಂದಿಕೊಂಡ ಕಲ್ಲಿನ ದೊಡ್ಡಿಯಲ್ಲಿ ಒಂದೆರಡು ಕರಿಹಂದಿಗಳು ಮನೆಯ ಹೊಲಸನ್ನೂ ಅಡುಗೆಯ ಉಳಿಕೆಯನ್ನೂ ತಿಂದು ಬೆಳೆಯುತ್ತಿದ್ದವು. ನಾವು ಕೊಟ್ಟಿಗೆಗೆ ದರಕು ಹಾಸುವಂತೆ ಅವರು ಬಾರ್ಲಿ ಹುಲ್ಲು ಹಾಸುತ್ತಿದ್ದರು. ಹಂದಿ ತುಳಿದು ಕೊಳೆಸಿದ ಗೊಬ್ಬರ ಬಾರ್ಲಿ ಹೊಲಕ್ಕೇ ಮರಳುತ್ತಿತ್ತು. ಮದುವೆಗೆ ಹಂದಿ ಕಡಿದಾಗ ಮಾಂಸವನ್ನು ಅಳೆದು ಹಂಚಲೆಂದೇ ‘ದೋಗಾಮ್’ ಎಂಬ ಹಿರಿಯನಿರುತ್ತಿದ್ದ. ಬಂದವರಿಗೆಲ್ಲ ತೆಳ್ಳನೆಯ ಕೆಲವೇ ತುಂಡುಗಳು. ಅಲ್ಲಿ ಅಳತೆಯೇ ಮರ್ಯಾದೆಯಾಗಿತ್ತು. ಈ ಬರಹವನ್ನು ಸಸ್ಯಾಹಾರದ ಪ್ರಚಾರವೆಂದು ತಿಳಿಯುವವರು ಇಲ್ಲಿ ತುಸು ನಿಲ್ಲಲಿ. ಕೈಲ್‌ಪೊಳ್ದ್ ಹಬ್ಬದಂದು ಕೊಡಗಿನ ಮನೆಗಳಲ್ಲಿ ಬೇಯುವ ಪಂದಿಕರಿಯ ಬಗೆಗೂ ನನಗೆ ಯಾವ ದೂರಿಲ್ಲ.

ವಿದ್ಯಾರ್ಥಿಗಳಿಗೆ, ಕೂಲಿಕಾರರಿಗೆ ಅಗ್ಗದಲ್ಲಿ ಮಾಂಸ ಸಿಗುವುದು ತಪ್ಪೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಅಗ್ಗದ ಬೆಲೆಯ ಬಾಕಿಯನ್ನು ತೀರಿಸುವವರು ಯಾರು? ಕೊರಿಯಾದ ಹಂದಿಕೊಟ್ಟಿಗೆಗಳಲ್ಲಿಯೂ ಸೊಪ್ಪಿನ ತೋಟಗಳಲ್ಲಿಯೂ ದುಡಿಯುವವರಲ್ಲಿ ನೇಪಾಳ, ಕಾಂಬೋಡಿಯಾಗಳಿಂದ ಬಂದವರು ಬಹಳ. 2020ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ, ಪೊಚನ್ ಎಂಬಲ್ಲಿ, ತರಕಾರಿ ತೋಟದ ಪ್ಲಾಸ್ಟಿಕ್ ಹಸಿರುಮನೆಯೊಳಗಿನ ಬಿಡಾರದಲ್ಲಿ ಕಾಂಬೋಡಿಯಾದ ಕೂಲಿ ಹೆಣ್ಣುಮಗಳೊಬ್ಬಳು ಹೆಣವಾಗಿ ಸಿಕ್ಕಳು. ಹಂದಿಗಳ ಪಾಡೂ ಕಡಿಮೆಯದಲ್ಲ. 2010-11ರ ಕಾಲುಬಾಯಿ ಜ್ವರದಲ್ಲಿ 33 ಲಕ್ಷಕ್ಕೂ ಮಿಕ್ಕಿ ಹಂದಿಗಳನ್ನು ಕೊಂದು ಹೂಳಿದರು, ಅನೇಕವನ್ನು ಜೀವಂತವಾಗಿಯೇ. 2019ರ ಹಂದಿಜ್ವರದ ವೇಳೆ ಹೂಳಲು ರಾಶಿ ಹಾಕಿದ್ದ ಕಳೇಬರಗಳ ರಕ್ತ ಮಳೆಗೆ ಹರಿದು ಇಮ್‌ಜಿನ್ ನದಿಯ ಉಪನದಿ ಕೆಂಪಾಯಿತು.

ಆದ್ದರಿಂದ ಆ ಶುಲ್ಕವನ್ನು ವಸೂಲು ಮಾಡುವುದೇ ಆದರೆ ಉಳಿಸಿದವನಿಂದ ಬೇಡ, ಫಲಕ ತೂಗುಹಾಕಿದವನಿಂದ ವಸೂಲಾಗಲಿ. ಹೋಟೆಲಿಗೆ ಬಂದಿಳಿಯುವ ಪ್ರತಿ ಕಿಲೋ ಮಾಂಸದ ಮೇಲೆ ವಸೂಲಾಗಲಿ. ಆ ಹಣ ಹಾಲ್ಲಿಮ್‌ನ ಅಂತರ್ಜಲವನ್ನು ಶುದ್ಧಗೊಳಿಸುವುದಕ್ಕೂ ಸೊಪ್ಪು ಕೊಯ್ಯುವವರಿಗೆ ಬೆಚ್ಚನೆಯ ಮನೆ ಕಟ್ಟಿಸುವುದಕ್ಕೂ ಹೋಗಲಿ. ಅನಂತರವೂ ಅದೇ ಬೆಲೆಗೆ ‘ಮುಹಾನ್’ ಬಡಿಸಬಲ್ಲ ಮಾಲೀಕನಿದ್ದರೆ ಫಲಕ ಅಲ್ಲಿಯೇ ಇರಲಿ.