ಅವಸರದ ರೋಗನಿರ್ಣಯ ಮತ್ತು ವಿಶ್ವಾಸಿಯ ವಿವೇಕ

ರೋಗ ಯಾವುದೆಂದು ತಿಳಿಯದಿರುವುದು ಒಂದು ಕಷ್ಟ. ವೈದ್ಯರು ಹೆಸರಿಟ್ಟ ರೋಗದ ಬಗ್ಗೆಯೇ ಮನಸ್ಸಿನಲ್ಲಿ ಸಂಶಯ ಉಳಿದುಬಿಡುವುದು ಅದಕ್ಕಿಂತಲೂ ದೊಡ್ಡ ಕಷ್ಟ. ಹೇಳಿದ್ದನ್ನು ನಂಬಲೂ ಆಗದು, ತಳ್ಳಿಹಾಕಲೂ ಆಗದು. ತುರ್ತು ಚಿಕಿತ್ಸಾ ಘಟಕದಿಂದ ಮಧ್ಯರಾತ್ರಿ ಒಂದು ಚೀಟಿ ಹಿಡಿದು ಮನೆಗೆ ಮರಳುವ ಅದೆಷ್ಟೋ ಕುಟುಂಬಗಳು ಇಂದು ಈ ಸಂಕಟದಲ್ಲಿವೆ. ಇಂತಹ ವೇಳೆಯಲ್ಲಿ ಒಬ್ಬ ಸತ್ಯವಿಶ್ವಾಸಿಯ ನಿಲುವು ಏನಾಗಿರಬೇಕು?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕರಾವಳಿಯ ಎಪ್ರಿಲ್ ತಿಂಗಳ ಸೆಕೆ. ಮದುವೆ ಸಭಾಂಗಣದಲ್ಲಿ ಕಿಕ್ಕಿರಿದ ಜನ. ಬೆಳಗ್ಗಿನಿಂದ ಸರಿಯಾಗಿ ಆಹಾರ ನೀರು ಸೇವಿಸದ ಇಪ್ಪತ್ತರ ಹರೆಯದ ಯುವತಿಯೊಬ್ಬಳು ನಿಂತಲ್ಲೇ ಕುಸಿಯುತ್ತಾಳೆ. ಗಾಬರಿಗೊಂಡ ಹೆಂಗಸರು ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಹಿಡಿದುಕೊಳ್ಳುತ್ತಾರೆ. ಕೈಕಾಲುಗಳು ಕೆಲವು ಕ್ಷಣ ಅದುರುತ್ತವೆ. ಯಾರೋ ಕಬ್ಬಿಣದ ಬೀಗದ ಕೈ ತಂದು ಅಂಗೈಯಲ್ಲಿಡುತ್ತಾರೆ. ಆಸ್ಪತ್ರೆಯಲ್ಲಿ ಏಕಕಾಲಕ್ಕೆ ಹತ್ತು ರೋಗಿಗಳನ್ನು ನೋಡುತ್ತಿರುವ ವೈದ್ಯರು, 'ಕೈಕಾಲು ಅದುರಿತೇ?' ಎಂದು ಕೇಳುತ್ತಾರೆ. 'ಹೌದು' ಎಂಬ ಉತ್ತರ ಬರುತ್ತದೆ. ಚೀಟಿಯಲ್ಲಿ ಅಪಸ್ಮಾರ ಎಂಬ ಪದವೂ ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆಯೂ ಬರೆಯಲ್ಪಡುತ್ತದೆ. ಮಾತ್ರೆ ಆರಂಭವಾಗುತ್ತದೆ. ಮನೆ ತಲುಪುವಷ್ಟರಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಗಿರುತ್ತದೆ, ರೋಗದ ಹೆಸರು ಮಾತ್ರ ಉಳಿದಿರುತ್ತದೆ. ವಾರದೊಳಗೆ ಆ ಹೆಸರು ಊರಿನ ಬಾಯಲ್ಲಿರುತ್ತದೆ. ಅವಳಿಗಾಗಿ ಬರಲಿದ್ದ ಮದುವೆಯ ಪ್ರಸ್ತಾಪ ಸದ್ದಿಲ್ಲದೆ ನಿಂತುಹೋಗುತ್ತದೆ.

ಇಲ್ಲಿ ನಮ್ಮ ಭಾಷೆಯೂ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಬಿಸಿಲಿಗೆ ತಲೆತಿರುಗಿ ಬೀಳುವುದಕ್ಕೂ ಕನ್ನಡದಲ್ಲಿ 'ಮೂರ್ಛೆ ಹೋಗುವುದು' ಎನ್ನುತ್ತೇವೆ. ಅಪಸ್ಮಾರಕ್ಕೂ 'ಮೂರ್ಛೆರೋಗ' ಎನ್ನುತ್ತೇವೆ. ಇವೆರಡೂ ಬೇರೆ ಬೇರೆ. ಮೊದಲನೆಯದರಲ್ಲಿ ಮೆದುಳಿಗೆ ರಕ್ತಸಂಚಾರ ಕೆಲವು ಕ್ಷಣ ಕಡಿಮೆಯಾಗುತ್ತದೆ. ಎರಡನೆಯದರಲ್ಲಿ ಮೆದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆಯೇ ಹಠಾತ್ತಾಗಿ ಏರುಪೇರಾಗುತ್ತದೆ. ಸಾಮಾನ್ಯ ಮೂರ್ಛೆಯಲ್ಲೂ ಕೈಕಾಲು ಅದುರಬಹುದು. ಬಿದ್ದವರನ್ನು ಮಲಗಿಸದೆ ಕೂರಿಸಿ ಹಿಡಿದರೆ ಮೆದುಳಿಗೆ ರಕ್ತ ತಲುಪುವುದು ಇನ್ನಷ್ಟು ತಡವಾಗಿ ಅದುರುವಿಕೆ ಹೆಚ್ಚಬಹುದು. ಸಾಮಾನ್ಯ ಮೂರ್ಛೆಗೆ ಮುನ್ನ ಹೆಚ್ಚಾಗಿ ಕಣ್ಣು ಮಂಜಾಗುತ್ತದೆ, ಬೆವರು ಬರುತ್ತದೆ, ವಾಕರಿಕೆಯಾಗುತ್ತದೆ. ಬಿದ್ದವರು ಬೇಗನೆ ಎಚ್ಚರಗೊಂಡು ಸುತ್ತಲಿನವರನ್ನು ಗುರುತಿಸುತ್ತಾರೆ. ಅಪಸ್ಮಾರದ ಸೆಳವಿನ ನಂತರವಾದರೋ ಬಹಳ ಹೊತ್ತು ಗೊಂದಲ, ಮಂಪರು ಇರುವುದುಂಟು. ನಾಲಗೆಯ ಬದಿ ಕಚ್ಚಿದ ಗಾಯವೂ ಇರಬಹುದು.

ಹಾಗಿದ್ದರೆ ತುರ್ತು ಘಟಕದ ವೈದ್ಯರು ತಪ್ಪಿತಸ್ಥರೇ? ಹಾಗೆಂದು ತೀರ್ಪು ಕೊಡುವ ಮುನ್ನ ಆ ಘಟಕದ ಕೆಲಸವೇನೆಂದು ಅರಿಯಬೇಕು. ಜೀವಕ್ಕೆ ಈಗಲೇ ಅಪಾಯವಿದೆಯೇ ಎಂದು ನೋಡುವುದು, ಇದ್ದರೆ ತಡೆಯುವುದು, ಇಲ್ಲದಿದ್ದರೆ ಮುಂದಿನ ದಾರಿ ತೋರಿಸುವುದು ಅದರ ಹೊಣೆ. ಅಲ್ಲಿ ಬರೆಯಲಾಗುವ ರೋಗದ ಹೆಸರು ಅನೇಕ ಸಲ ತಾತ್ಕಾಲಿಕ ಅಂದಾಜು ಮಾತ್ರ. ಕನ್ನಡದ 'ರೋಗನಿರ್ಣಯ' ಎಂಬ ಪದದಲ್ಲಿ ನಿರ್ಣಯವಿದೆ. ಆದ್ದರಿಂದ ಅದು ನ್ಯಾಯಾಲಯದ ಕೊನೆಯ ತೀರ್ಪಿನಂತೆ ನಮ್ಮ ಕಿವಿಗೆ ಬೀಳುತ್ತದೆ. ವಾಸ್ತವದಲ್ಲಿ ಅದು ವಿಚಾರಣೆಯ ಆರಂಭವಷ್ಟೇ. ಅಪಸ್ಮಾರದ ವಿಷಯದಲ್ಲಂತೂ, ಪ್ರಚೋದನೆಯಿಲ್ಲದ ಸೆಳವು 24 ಗಂಟೆಗಳಿಗಿಂತ ಹೆಚ್ಚಿನ ಅಂತರದಲ್ಲಿ ಕನಿಷ್ಠ ಎರಡು ಬಾರಿ ಬಂದಿರಬೇಕು, ಇಲ್ಲವೇ ಒಂದೇ ಬಾರಿ ಬಂದಿದ್ದರೂ ಮರುಕಳಿಸುವ ಸಾಧ್ಯತೆ ಬಲವಾಗಿರಬೇಕು ಎಂಬುದು ಇಂಟರ್‌ನ್ಯಾಷನಲ್ ಲೀಗ್ ಎಗೇನ್ಸ್ಟ್ ಎಪಿಲೆಪ್ಸಿ ಎಂಬ ತಜ್ಞರ ಸಂಸ್ಥೆ 2014ರಲ್ಲಿ ನೀಡಿದ ವ್ಯಾಖ್ಯೆಯ ಮುಖ್ಯಾಂಶ. ಒಂದು ಸಂಜೆಯ ಒಂದು ಘಟನೆಯಿಂದ, ಕಣ್ಣಾರೆ ಕಂಡವರ ವಿವರವನ್ನೂ ಪೂರ್ತಿ ಕೇಳದೆ, ಇದನ್ನು ಖಚಿತಪಡಿಸುವುದು ಸುಲಭವಲ್ಲ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಈ ವಿಷಯದಲ್ಲಿ ನಮಗೆ ಎರಡು ಪಾಠಗಳನ್ನು ಕಲಿಸುತ್ತದೆ. ಆರನೆಯ ಸೂಕ್ತವು, ಸುದ್ದಿಯೊಂದು ಬಂದಾಗ ಅದನ್ನು ಪರಿಶೀಲಿಸಿಕೊಳ್ಳಬೇಕೆಂದು, ಇಲ್ಲದಿದ್ದರೆ ಅರಿವಿಲ್ಲದೆ ಜನರಿಗೆ ಹಾನಿಯೆಸಗಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದು ಎಚ್ಚರಿಸುತ್ತದೆ. ಆ ಸೂಕ್ತದ ಸಂದರ್ಭ ಬೇರೆ. ಅದು ನಂಬಿಕೆಗೆ ಅರ್ಹನಲ್ಲದವನು ತರುವ ಸುದ್ದಿಯ ಕುರಿತಾದುದು. ವೈದ್ಯರನ್ನು ಆ ಸ್ಥಾನದಲ್ಲಿ ನಿಲ್ಲಿಸುವುದು ಅನ್ಯಾಯ. ಆದರೆ ಪರಿಶೀಲಿಸದೆ ಹೆಜ್ಜೆಯಿಟ್ಟರೆ ಅಮಾಯಕರಿಗೆ ಹಾನಿಯಾದೀತು ಎಂಬ ಕಾರಣ ಇಲ್ಲಿಯೂ ಅಷ್ಟೇ ಸತ್ಯ. ಅದೇ ಅಧ್ಯಾಯದ ಹನ್ನೆರಡನೆಯ ಸೂಕ್ತವು ಅತಿಯಾದ ಗುಮಾನಿಯಿಂದ, ಪರರ ಗುಟ್ಟು ಕೆದಕುವುದರಿಂದ ಮತ್ತು ಪರನಿಂದೆಯಿಂದ ದೂರವಿರಲು ಆಜ್ಞಾಪಿಸುತ್ತದೆ. ಪರಿಶೀಲನೆ ಬೇಕು, ಗುಮಾನಿ ಬೇಡ. ಅನುಮಾನಾಸ್ಪದ ರೋಗನಿರ್ಣಯವನ್ನು ಎದುರಿಸುವ ಕುಟುಂಬಕ್ಕೆ ಇದಕ್ಕಿಂತ ಉತ್ತಮ ಮಾರ್ಗಸೂಚಿ ಇನ್ನೊಂದಿಲ್ಲ.

ಆದರೆ ನಮ್ಮಲ್ಲಿ ಅನೇಕ ಸಲ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಪರಿಶೀಲನೆ ಇರುವುದಿಲ್ಲ, ಗುಮಾನಿ ಧಾರಾಳವಾಗಿರುತ್ತದೆ. ಕೆಲವರು 'ಎಲ್ಲ ಅಲ್ಲಾಹನ ವಿಧಿ, ಇನ್ನೊಬ್ಬ ವೈದ್ಯರಿಗೆ ತೋರಿಸುವುದು ತವಕ್ಕುಲ್‌ಗೆ ವಿರುದ್ಧ' ಎನ್ನುತ್ತಾರೆ. ಸಿರಿಯಾದಲ್ಲಿ ಪ್ಲೇಗ್ ಹರಡಿದ್ದಾಗ ಖಲೀಫಾ ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಕೇಳಿದಾಗ, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಸಾಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಒಂಟೆಯನ್ನು ಕಟ್ಟಿಹಾಕಿ ಬಳಿಕ ಭರವಸೆಯಿಡುವಂತೆ ಪ್ರವಾದಿ(ಸ) ಕಲಿಸಿದರು. ಎರಡನೆಯ ಅಭಿಪ್ರಾಯ ಕೇಳುವುದು ಒಂಟೆಯನ್ನು ಕಟ್ಟುವ ಕೆಲಸವೇ ಹೊರತು ವಿಧಿಯೊಂದಿಗಿನ ಜಗಳವಲ್ಲ.

ಇನ್ನು ಕೆಲವರು ಮತ್ತೊಂದು ಅತಿರೇಕಕ್ಕೆ ಹೋಗುತ್ತಾರೆ. ವೈದ್ಯರ ಮೇಲೆ ಸಂಶಯ ಬಂದ ಕೂಡಲೇ ಮಾತ್ರೆಯನ್ನು ಬಿಸಾಡಿ, ಜಿನ್ನ್ ಬಾಧೆಯೆಂದು ಹೇಳುವವರ ಬಾಗಿಲಿಗೆ ಹೋಗುತ್ತಾರೆ. ರೋಗಿಗಾಗಿ ದುಆ ಮಾಡುವುದು, ಕುರ್‌ಆನ್ ಪಠಿಸುವುದು ಮನಸ್ಸಿಗೆ ಶಾಂತಿ ನೀಡುವ ಪುಣ್ಯಕಾರ್ಯ. ಆದರೆ ಚಿಕಿತ್ಸೆಯನ್ನು ನಿಲ್ಲಿಸಲು ಅದು ನೆಪವಾಗಬಾರದು. ಪ್ರವಾದಿಯವರು(ಸ) ಚಿಕಿತ್ಸೆ ಪಡೆಯಲು ಆದೇಶಿಸಿದ್ದಾರೆ. ವೈದ್ಯ ವಿದ್ಯೆ ಬಲ್ಲವನೆಂದು ಪರಿಚಿತನಲ್ಲದವನು ಚಿಕಿತ್ಸೆ ನೀಡಿ ಹಾನಿಯಾದರೆ ಅವನೇ ಹೊಣೆಗಾರನೆಂಬ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಅಪಸ್ಮಾರದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು ತೀವ್ರವಾಗಿ ಮರಳುವ ಅಪಾಯವಿದೆ ಎಂಬುದನ್ನೂ ಮರೆಯಬಾರದು. ಸಂಶಯವಿದ್ದರೆ ಮಾತ್ರೆ ನಿಲ್ಲಿಸುವುದಲ್ಲ, ವೈದ್ಯರನ್ನು ಕಾಣಬೇಕು.

ಪರಿಶೀಲನೆ ಎಂದರೆ ಏನು ಮಾಡಬೇಕು? ಮೊದಲನೆಯದಾಗಿ, ಕಣ್ಣಾರೆ ಕಂಡವರನ್ನು ತಜ್ಞರ ಬಳಿಗೆ ಕರೆದೊಯ್ಯಬೇಕು. ಬೀಳುವ ಮುನ್ನ ಏನು ಮಾಡುತ್ತಿದ್ದಳು, ಮುಖದ ಬಣ್ಣ ಹೇಗಿತ್ತು, ಅದುರುವಿಕೆ ಎಷ್ಟು ಹೊತ್ತು ಇತ್ತು, ಎಚ್ಚರವಾದ ಮೇಲೆ ಮೊದಲು ಏನು ಮಾತನಾಡಿದಳು ಎಂಬ ವಿವರ ಅನೇಕ ಯಂತ್ರಗಳಿಗಿಂತ ಹೆಚ್ಚು ಉಪಯುಕ್ತ. ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ ಅದನ್ನು ವೈದ್ಯರಿಗೆ ಮಾತ್ರ ತೋರಿಸಿ, ಬೇರಾರಿಗೂ ಕಳುಹಿಸಬೇಡಿ. ಎರಡನೆಯದಾಗಿ, ಹೃದಯದ ಇಸಿಜಿ ಆಗಿದೆಯೇ ಎಂದು ಕೇಳಿ. ಪ್ರಜ್ಞೆ ತಪ್ಪಲು ಹೃದಯದ ಲಯದ ತೊಂದರೆಯೂ ಕಾರಣವಾಗಬಲ್ಲದು. ಓಡುವಾಗ ಅಥವಾ ಶ್ರಮದ ಕೆಲಸದಲ್ಲಿರುವಾಗ ಬಿದ್ದಿದ್ದರೆ, ಕುಟುಂಬದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಅಪಸ್ಮಾರವೆಂಬ ತಪ್ಪು ಹೆಸರಿನ ಹಿಂದೆ ಹೃದಯದ ಕಾಯಿಲೆ ಅಡಗಿ ಉಳಿದರೆ ಅದು ಪ್ರಾಣಕ್ಕೇ ಮುಳುವಾಗಬಹುದು. ಮೂರನೆಯದಾಗಿ, ಇಇಜಿ ವರದಿಯೊಂದನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಅಪಸ್ಮಾರವಿರುವವರಲ್ಲೂ ಅದು ಸಹಜವಾಗಿ ಬರಬಹುದು. ರೋಗವಿಲ್ಲದ ಕೆಲವರಲ್ಲೂ ಅಸಹಜವಾಗಿ ಕಾಣಬಹುದು.

ನಾಲ್ಕನೆಯದಾಗಿ, ತುರ್ತು ಘಟಕದ ದಾಖಲೆಗಳನ್ನು ಕೇಳಿ ಪಡೆಯಬೇಕು. ಇದು ಯಾರ ದಯೆಯೂ ಅಲ್ಲ. ರೋಗಿ ಅಥವಾ ಅವರ ಅಧಿಕೃತ ಸಹಾಯಕರು ಕೋರಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ನೀಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮಗಳು ಹೇಳುತ್ತವೆ. ಎರಡನೆಯ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನದು ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯಲ್ಲಿ ನರರೋಗ ಚಿಕಿತ್ಸೆಯ ಸೌಲಭ್ಯದ ಬಗ್ಗೆ ವಿಚಾರಿಸಬಹುದು. ವೈದ್ಯರೊಂದಿಗೆ ವಾಗ್ವಾದಕ್ಕಿಳಿಯದೆ ವಿನಯದಿಂದ ಕೇಳಬೇಕಾದ ಮೂರು ಪ್ರಶ್ನೆಗಳಿವೆ: ಇದು ಖಚಿತವೇ, ಇಲ್ಲ ಸದ್ಯದ ಅಂದಾಜೇ? ಬೇರೆ ಏನಾಗಿರಬಹುದು? ಯಾವ ಲಕ್ಷಣ ಕಂಡರೆ ಕೂಡಲೇ ಮರಳಿ ಬರಬೇಕು? ಸೆಳವು ಐದು ನಿಮಿಷ ಮೀರಿದರೆ, ಅಥವಾ ಪ್ರಜ್ಞೆ ಮರಳುವ ಮುನ್ನವೇ ಮತ್ತೆ ಬಂದರೆ ಒಂದು ಕ್ಷಣವೂ ಕಾಯಬಾರದು. ಅಂತಹ ವೇಳೆಯಲ್ಲಿ ಬಾಯಿಗೆ ಏನನ್ನೂ ತುರುಕದೆ ಮಗ್ಗುಲಾಗಿ ಮಲಗಿಸಬೇಕು. ಬೀಗದ ಕೈಯಿಂದ ಯಾವ ಪ್ರಯೋಜನವೂ ಇಲ್ಲ.

ಒಂದೇ ಬಗೆಯಾಗಿ ಕಾಣುವ ರೋಗಗಳನ್ನು ಬೇರ್ಪಡಿಸಿ ನೋಡುವುದು ಮುಸ್ಲಿಮರಿಗೆ ಹೊಸ ಸಂಗತಿಯೇನಲ್ಲ. ಸಾವಿರ ವರ್ಷಗಳ ಹಿಂದೆಯೇ ಅಬೂಬಕರ್ ಅಲ್ ರಾಝಿಯವರು ಸಿಡುಬು ಮತ್ತು ದಡಾರದ ಲಕ್ಷಣಗಳನ್ನು ಬೇರ್ಪಡಿಸಿ ಗ್ರಂಥ ಬರೆದರು. ವೈದ್ಯಲೋಕದ ಗುರುವೆನಿಸಿದ್ದ ಗ್ಯಾಲೆನ್‌ನ ಅಭಿಪ್ರಾಯಗಳನ್ನು ಪ್ರಶ್ನಿಸಿ ಇನ್ನೊಂದು ಗ್ರಂಥವನ್ನೂ ರಚಿಸಿದರು. ವಿನಯಪೂರ್ವಕವಾದ ಸಂಶಯ ಜ್ಞಾನದ ಶತ್ರುವಲ್ಲ, ಅದರ ಸಂಗಾತಿ.

ಇಲ್ಲಿಯವರೆಗೆ ಹೇಳಿದ್ದು ಕುಟುಂಬದ ಹೊಣೆ. ಸಮುದಾಯದ ಹೊಣೆ ಇದಕ್ಕಿಂತ ಕಡಿಮೆಯದಲ್ಲ. ರೋಗಿಯನ್ನು ಸಂದರ್ಶಿಸುವುದು ನಮ್ಮ ಧರ್ಮದಲ್ಲಿ ಮಹತ್ವದ ಪುಣ್ಯ. ಆದರೆ ಸಂದರ್ಶನಕ್ಕೆ ಹೋಗಿ ರೋಗದ ಹೆಸರನ್ನು ಹೊತ್ತು ತಂದು ವಾಟ್ಸ್ಯಾಪ್‌ನಲ್ಲಿ ಹಂಚುವುದು ಪುಣ್ಯವಲ್ಲ. ಮನೆಯೊಳಗೆ ಕೇಳಿದ ಮಾತು ಅಮಾನತ್ತು. ವೈದ್ಯರೇ ಪ್ರಶ್ನಾರ್ಥಕ ಚಿಹ್ನೆ ಹಾಕಿದ ವಿಷಯಕ್ಕೆ ನಾವು ಪೂರ್ಣವಿರಾಮ ಹಾಕುವುದು ಒಂದು ಹೆಣ್ಣುಮಗಳ ಬದುಕಿನ ಮೇಲೆ ಎಸಗುವ ಅನ್ಯಾಯ. ಹಾಗೆಂದು ಖಚಿತವಾದ ಕಾಯಿಲೆಯನ್ನು ವಿವಾಹವಾಗಲಿರುವವರಿಂದ ಮುಚ್ಚಿಡಬೇಕೆಂದು ಇದರರ್ಥವಲ್ಲ. ಅವರಿಗೆ ಸತ್ಯ ತಿಳಿಸಲೇಬೇಕು. ಆದರೆ ತಿಳಿಸುವ ಹಕ್ಕು ಆಕೆಗೂ ಆಕೆಯ ಪೋಷಕರಿಗೂ ಸೇರಿದ್ದು, ಊರಿಗಲ್ಲ.

ಕುಟುಂಬದೊಳಗಿನ ದೋಷಾರೋಪಣೆಯೂ ನಿಲ್ಲಬೇಕು. 'ಅಂದು ಮದುವೆಗೆ ಕಳುಹಿಸದಿದ್ದರೆ', 'ಆ ಆಸ್ಪತ್ರೆಗೆ ಕರೆದೊಯ್ಯದಿದ್ದರೆ' ಎಂಬ ಮಾತುಗಳು ತಂದೆತಾಯಿಯರನ್ನು ಒಳಗಿಂದೊಳಗೆ ತಿನ್ನುತ್ತವೆ. ಪ್ರಯೋಜನಕಾರಿಯಾದುದಕ್ಕಾಗಿ ಶ್ರಮಿಸಲು, ಅಲ್ಲಾಹನ ನೆರವನ್ನು ಬೇಡಲು, ಧೈರ್ಯಗೆಡದಿರಲು ಹೇಳಿದ ಪ್ರವಾದಿಯವರು(ಸ), ಸಂಭವಿಸಿಹೋದ ವಿಷಯದಲ್ಲಿ 'ಹಾಗೆ ಮಾಡಿದ್ದರೆ' ಎಂಬ ಮಾತು ಶೈತಾನನಿಗೆ ಬಾಗಿಲು ತೆರೆಯುತ್ತದೆಂದು ಎಚ್ಚರಿಸಿದರು.

ಪರಿಶೀಲನೆಯ ಬಳಿಕ ಅದು ಅಪಸ್ಮಾರವೇ ಎಂದು ಖಚಿತವಾದರೆ? ಆಗಲೂ ಬದುಕು ಮುಗಿಯುವುದಿಲ್ಲ. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದೆ. ಸರಿಯಾದ ರೋಗನಿರ್ಣಯ ಮತ್ತು ಚಿಕಿತ್ಸೆ ದೊರೆತರೆ ಅವರಲ್ಲಿ ಶೇ. 70ರಷ್ಟು ಮಂದಿ ಸೆಳವುಗಳಿಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತ್ರೆಯ ಸಮಯಕ್ಕೂ ಉಪವಾಸಕ್ಕೂ ಹೊಂದಾಣಿಕೆ ಸಾಧ್ಯವೇ ಎಂಬುದನ್ನು ವೈದ್ಯರಲ್ಲಿ ಕೇಳಬೇಕು. ಆಗದೆಂದರೆ ರೋಗಿಗಳಿಗೆ ಸ್ವತಃ ಅಲ್ಲಾಹನೇ ಅಲ್ ಬಕರಃ ಅಧ್ಯಾಯದಲ್ಲಿ ರಿಯಾಯಿತಿ ನೀಡಿದ್ದಾನೆ. ವಿವಾಹಿತರು ಮತ್ತು ವಿವಾಹವಾಗಲಿರುವ ಹೆಣ್ಣುಮಕ್ಕಳು ಗರ್ಭಧಾರಣೆಗೆ ಮುನ್ನವೇ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಮಾತನಾಡುವುದು ಅಗತ್ಯ. ಕೆಲವು ಮಾತ್ರೆಗಳು ಗರ್ಭಸ್ಥ ಶಿಶುವಿಗೆ ಹಾನಿಕರ.

ಇಬ್ನು ಅಬ್ಬಾಸ್(ರ) ತಮ್ಮ ಶಿಷ್ಯ ಅತಾರಿಗೆ ಒಬ್ಬ ಕಪ್ಪು ವರ್ಣದ ಮಹಿಳೆಯನ್ನು ತೋರಿಸಿ, ಇವರು ಸ್ವರ್ಗದ ಸ್ತ್ರೀ ಎಂದರು ಎಂಬ ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಆಕೆಗೆ ಅಪಸ್ಮಾರವಿತ್ತು. ಸೆಳವು ಬಂದಾಗ ಮೈಮೇಲಿನ ಬಟ್ಟೆ ಸರಿಯುತ್ತದೆಂದು ಆಕೆ ಪ್ರವಾದಿಯವರಲ್ಲಿ(ಸ) ದುಃಖ ತೋಡಿಕೊಂಡಿದ್ದರು. ಸಹನೆ ವಹಿಸಿದರೆ ಸ್ವರ್ಗ, ಬಯಸಿದರೆ ಗುಣಕ್ಕಾಗಿ ಪ್ರಾರ್ಥನೆ, ಎರಡರಲ್ಲೊಂದನ್ನು ಆರಿಸಿಕೊಳ್ಳಲು ಪ್ರವಾದಿ(ಸ) ಹೇಳಿದರು. ಆಕೆ ಸಹನೆಯನ್ನು ಆರಿಸಿಕೊಂಡರು. ಮೈ ಕಾಣದಿರುವಂತೆ ಮಾತ್ರ ಪ್ರಾರ್ಥಿಸಲು ಕೋರಿದರು. ಪ್ರವಾದಿ(ಸ) ಪ್ರಾರ್ಥಿಸಿದರು.

ಆ ಮಹಿಳೆಯ ಕಾಯಿಲೆಯನ್ನು ಯಾರೂ ಕಳಂಕವೆಂದು ಎಣಿಸಲಿಲ್ಲ. ಅವರ ಘನತೆ ಹೇಗೆ ಉಳಿಯಬೇಕೆಂಬ ಕಾಳಜಿಗೆ ಅಲ್ಲಾಹನ ಸಂದೇಶವಾಹಕರೇ ಕಿವಿಗೊಟ್ಟರು. ಇಂದಿಗೂ ಅಂತಹ ಹೆಣ್ಣುಮಕ್ಕಳಿಗೆ ಬೇಕಾಗಿರುವುದು ಇದುವೇ: ರೋಗ ಯಾವುದೆಂದು ತಾಳ್ಮೆಯಿಂದ ತಿಳಿದುಕೊಳ್ಳುವ ಕುಟುಂಬ, ತಿಳಿಯುವವರೆಗೆ ನಾಲಗೆಯನ್ನು ಹಿಡಿದಿಟ್ಟುಕೊಳ್ಳುವ ಸಮಾಜ, ತಿಳಿದ ಬಳಿಕ ಮರ್ಯಾದೆಯಿಂದ ಜೊತೆಗೆ ನಿಲ್ಲುವ ಬಂಧುಗಳು. ನಮ್ಮ ರೋಗಿಗಳಿಗೆಲ್ಲ ಅಲ್ಲಾಹನು ಗುಣ ಕರುಣಿಸಲಿ. ವೈದ್ಯರಿಗೆ ಸರಿಯಾದ ತಿಳುವಳಿಕೆ ನೀಡಲಿ. ನಮ್ಮ ನಾಲಗೆಗಳನ್ನು ಅನ್ಯಾಯದಿಂದ ಕಾಪಾಡಲಿ. ಆಮೀನ್.