ಏಳು ದಿನದ ಒಡೆತನ

ವರ್ಷಕ್ಕೆ ಏಳು ದಿನ ಮಾತ್ರ ನಮ್ಮದಾಗುವ ಮನೆಗೆ ನಾವು ಒಡೆಯರೆ, ಅತಿಥಿಗಳೆ? ಬೇತಮಂಗಲದಂಥ ಊರಿನಲ್ಲಿ ವ್ಯಾಪಾರದಿಂದ ನಾಲ್ಕು ಕಾಸು ಕೂಡಿಸಿದ ಶ್ರಾವಕ ಕುಟುಂಬದ ಮುಂದೆಯೂ ಇಂದು ಈ ಪ್ರಶ್ನೆ ಇದೆ. ಒಮ್ಮೆಗೇ ಲಕ್ಷಗಟ್ಟಲೆ ಕೊಟ್ಟು ಟೈಮ್‌ಶೇರ್ ಸದಸ್ಯತ್ವ ಪಡೆದು, ಇಪ್ಪತ್ತೈದು ವರ್ಷ ಮಡಿಕೇರಿಗೋ ಊಟಿಗೋ ಹೋಗುವುದೆ? ಅಥವಾ ಬೇಕೆನಿಸಿದಾಗ ಐಷಾರಾಮಿ ಹೋಟೆಲಿನಲ್ಲಿ ಎರಡು ರಾತ್ರಿ ತಂಗಿ ಬರುವುದೆ?

ಲೆಕ್ಕ ಹಾಕುವವರು ಹಣವನ್ನಷ್ಟೇ ಎಣಿಸುತ್ತಾರೆ. ಹೋಟೆಲಿನ ದಿನಬಾಡಿಗೆ 7,500 ರೂಪಾಯಿ ದಾಟಿದರೆ ಶೇ 18ರಷ್ಟು ಜಿಎಸ್‌ಟಿ. ಟೈಮ್‌ಶೇರಿನಲ್ಲಿ ಹೋದರೂ ಹೋಗದಿದ್ದರೂ ಕಟ್ಟಬೇಕಾದ ವಾರ್ಷಿಕ ನಿರ್ವಹಣಾ ಶುಲ್ಕ. ಈ ಎಣಿಕೆ ಬೇಕಾದದ್ದೇ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇನ್ನೊಂದು ಲೆಕ್ಕವನ್ನೂ ಇಡುತ್ತದೆ. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮತ್ತೆ ಮತ್ತೆ ಅನುಭವಿಸುವುದು ಉಪಭೋಗ. ಊಟ ಮೊದಲನೆಯದು, ಬಟ್ಟೆ ಎರಡನೆಯದು. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಮಿತಿಗೆ ಒಳಪಡಿಸಬೇಕಾದವುಗಳೆಂದು ಆಚಾರ್ಯರು ಎಣಿಸಿದ ವಾಹನ, ಹಾಸಿಗೆ, ಸ್ನಾನ, ಅಂಗಲೇಪನ, ಹೂವು, ಸಂಗೀತಗಳನ್ನು ನೋಡಿದರೆ ಇಂದಿನ ಹೋಟೆಲೊಂದರ ಸೌಲಭ್ಯಗಳ ಪಟ್ಟಿಯೇ ಕಣ್ಣಿಗೆ ಕಟ್ಟುತ್ತದೆ!

ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ನಮ್ಮ ಪ್ರಶ್ನೆಗೆ ನೇರವಾಗಿ ಸಲ್ಲುತ್ತವೆ. ಅನುಭವಿಸಿದ ಸುಖವನ್ನು ಮರಳಿ ಮರಳಿ ನೆನೆಯುವುದು ಅನುಸ್ಮೃತಿ. ಮುಂದೆ ಬರಲಿರುವ ಸುಖಕ್ಕಾಗಿ ಹಂಬಲಿಸುವುದು ಅತಿತೃಷೆ. ಹೋಟೆಲಿನ ದೋಷ ಮೊದಲನೆಯದು. ಅಲ್ಲಿಯ ಮೆತ್ತೆ, ಅಲ್ಲಿಯ ಉಪಚಾರ ಮನಸ್ಸಿಗೆ ಅಂಟಿಕೊಂಡು, ಸ್ವಂತ ಮನೆಯ ಚಾಪೆ ಒರಟೆನಿಸತೊಡಗುತ್ತದೆ. ಟೈಮ್‌ಶೇರಿನ ದೋಷ ಎರಡನೆಯದು, ಮತ್ತು ನನ್ನ ಮಟ್ಟಿಗೆ ಅದೇ ಭಾರವಾದದ್ದು. ಹೋಟೆಲಿನವರು ಕೀಲಿಕೈ ಹಿಂದಕ್ಕೆ ಪಡೆದಾಗ ನಂಟು ಮುಗಿಯಿತು. ಇಲ್ಲಿ ಇಪ್ಪತ್ತೈದು ವರ್ಷದ ಮುಂದಿನ ರಜೆಗಳನ್ನೂ ಈಗಲೇ ಕೊಂಡಾಗಿದೆ. ಹಣ ಕೊಟ್ಟದ್ದಕ್ಕಾಗಿಯಾದರೂ ಹೋಗಲೇಬೇಕು. ಕೇಳಿದ ವಾರದಲ್ಲಿ ಕೊಠಡಿ ಸಿಗದಿದ್ದರೆ ಕಷಾಯ. ಇಷ್ಟು ದೀರ್ಘ ಒಪ್ಪಂದದ ಅವಧಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವೇ ಎರಡು ಬಾರಿ ನಡೆದುಹೋಗುತ್ತದೆ. ಅಲ್ಲಿಯವರೆಗಿನ ನಮ್ಮ ಆರೋಗ್ಯವನ್ನೂ ಆಯುಷ್ಯವನ್ನೂ ಬಲ್ಲವರಾರು?

ಈ ಸೀಮೆಯವರಿಗೆ ಅವಧಿಯ ಒಡೆತನವೇನೂ ಹೊಸದಲ್ಲ. ಬೇತಮಂಗಲದ ಪಾಲಾರ್ ಕೆರೆಯ ನೀರು ಕೊಳವೆಗಳಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳ ಬಾಯಾರಿಕೆ ನೀಗಿಸಿತು. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯವರು ಗುತ್ತಿಗೆಯ ನೆಲದಲ್ಲಿ ಗಣಿ ತೋಡಿದರು. ಅಧಿಕಾರಿಗಳು ವಿಶಾಲ ಬಂಗಲೆಗಳಲ್ಲಿ ಬಾಳಿದರು. ಯಾರೂ ಆ ಬಂಗಲೆಯನ್ನು ಜೊತೆಗೆ ಒಯ್ಯಲಿಲ್ಲ. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ-ಮನೆ, ಬೆಳ್ಳಿ-ಬಂಗಾರಗಳಿಗೆ ಮಿತಿ ಹಾಕಿಕೊಳ್ಳಬೇಕೆಂದು ಶಾಸ್ತ್ರ ಹೇಳುವಾಗ, ಇಲ್ಲಿಯವರಿಗೆ ಬೇರೆ ಉದಾಹರಣೆ ಬೇಕಾಗದು.

ಆದರೂ ಟೈಮ್‌ಶೇರನ್ನು ಸಾರಾಸಗಟಾಗಿ ತಳ್ಳಿಹಾಕಲಾರೆ. ಅಂಥ ಎಷ್ಟೋ ವಸತಿಗಳಲ್ಲಿ ಪುಟ್ಟ ಅಡುಗೆಮನೆ ಇರುತ್ತದೆ. ರಾತ್ರಿಭೋಜನ ತ್ಯಾಗವಿರುವ, ಗಡ್ಡೆಗೆಣಸು ಮುಟ್ಟದ, ನೀರು ಸೋಸಿ ಕುಡಿಯುವ ಹಿರಿಯರಿಗೆ ಅದು ದೊಡ್ಡ ಅನುಕೂಲ. ಐಷಾರಾಮಿ ಹೋಟೆಲಿನ ಊಟದ ಮೇಜು ಸಿದ್ಧವಾಗುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಎಂಟು ಬಗೆಯ ಖಾದ್ಯಗಳ ನಡುವೆ ಅವರು ಉಪವಾಸವಿರಬೇಕಾದೀತು. ಕಲ್ಲುಹಾಸಿನ ಕೊಳಕ್ಕಿಂತ ಅವರಿಗೆ ಒಂದು ಒಲೆ ಹೆಚ್ಚು ಬೆಲೆಯುಳ್ಳದ್ದು.

ವ್ರತಕ್ಕೂ ಅವಧಿಯುಂಟೆಂಬುದನ್ನು ಇಲ್ಲಿ ನೆನೆಯಬೇಕು. ಆಜೀವ ವ್ರತ ಯಮ. ದಿನ, ಪಕ್ಷ, ಮಾಸ, ಋತುವೆಂದು ಕಾಲ ಗೊತ್ತುಮಾಡಿಕೊಂಡದ್ದು ನಿಯಮ. ಇಪ್ಪತ್ತೈದು ವರ್ಷದ ಭೋಗಕ್ಕೆ ಸಹಿ ಹಾಕುವ ಧೈರ್ಯವಿರುವವರು ಮೊದಲು ಒಂದು ವರ್ಷದ ನಿಯಮ ಹಿಡಿದು ನೋಡಲಿ: ಪ್ರವಾಸ ಇಷ್ಟೇ ದಿನ, ವೆಚ್ಚ ಇಷ್ಟೇ ಎಂದು. ಆ ವರ್ಷ ತೀರ್ಥಕ್ಷೇತ್ರದ ಧರ್ಮಶಾಲೆಯಲ್ಲಿ ಉಳಿಯಲಿ. ವರ್ಷ ಕಳೆದ ಮೇಲೂ ಕೊಳ್ಳಬೇಕೆನಿಸಿದರೆ ಒಪ್ಪಂದಪತ್ರವನ್ನು ಮನೆಯ ಹಿರಿಯರ ಮುಂದಿಟ್ಟು ಓದಲಿ. ನಿರ್ವಹಣಾ ಶುಲ್ಕ ವರ್ಷಕ್ಕೆಷ್ಟು ಏರುತ್ತದೆ, ನಡುವೆ ಬಿಟ್ಟುಕೊಡಲು ದಾರಿಯಿದೆಯೆ, ಸೂರ್ಯಾಸ್ತಕ್ಕೆ ಮುನ್ನ ಆ ಒಲೆಯಲ್ಲಿ ಅಡುಗೆ ಮಾಡಿಕೊಳ್ಳಲು ಬಿಡುತ್ತಾರೆಯೆ ಎಂದು ವಿಚಾರಿಸಲಿ.